ಅರ್ಧ ಜೀವದ ವಾಷಿಂಗ್ ಮಷಿನ್ನು

ಮೊನ್ನೆ ಊರಿಗೆ ಹೋದಾಗ ಬಚ್ಚಲ ಮೂಲೆಯಲ್ಲಿದ್ದ ಹಳೇ ವಾಷಿಂಗ್ ಮಷಿನ್ನನ್ನ ಗುಜರಿಗೆ ಕೊಟ್ಟುಬಿಡೋಣ ಅಂದೆ. ಆಯಿಗೆ ಸಿಟ್ಟು ಬಂತು. "ಒಗೆಯೂದು ಹೋಗಿ ನಾಕು ವರ್ಷ ಆತು ಖರೆ. ಡ್ರೈಯರ್ ತಿರುಗ್ತಲ ತಮಾ, ಎಂತಕ್ಕೆ ಕೊಡೂದು?"

ಆಗ ನೆನಪಾಯ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ನೆಂಟರ ಮನೆಗಳಲ್ಲಿ ಇಂಥ ಅರ್ಧ ಜೀವದ ಮಷಿನ್ನು ಎಷ್ಟೋ ನೋಡಿದ್ದೇನೆ. ಒಂದು ಡಬ್ಬಿ ಸತ್ತಿರುತ್ತದೆ, ಇನ್ನೊಂದು ತಿರುಗುತ್ತಿರುತ್ತದೆ. ಜಿಪುಣತನ ಅಂದುಕೊಂಡಿದ್ದೆ. ಅಲ್ಲ ಮಾರಾಯ್ರೆ, ಅದಕ್ಕೊಂದು ಇತಿಹಾಸ ಇದೆ.

ಮೊದಲೆಲ್ಲ ಅಂಟುವಾಳದ ಕಾಯಿ, ಹಳ್ಳದ ಕಲ್ಲು, ಇಲ್ಲವೇ ಗುಡ್ಡದಿಂದ ಅಡಿಕೆ ಮರದ ದಂಬೆಯಲ್ಲಿ ಇಳಿದು ಬರುವ ನೀರು. 1959ರಲ್ಲಿ ಸರ್ಫ್ ಬಂತು, 1969ರಲ್ಲಿ ನಿರ್ಮಾ ಶುರುವಾಯ್ತು. ಕೊಳೆ ಬಿಡಿಸುವುದು ಸ್ವಲ್ಪ ಸುಲಭವಾಯ್ತು. (ಅಡಿಕೆ ಚೊಗರಿನ ಕಲೆ ಬಿಟ್ಟು! ಅದು ಬಟ್ಟೆ ಹರಿದ ಮೇಲೂ ಇರುತ್ತದೆ.) ಆದರೆ ನಮ್ಮಲ್ಲಿ ಕಷ್ಟ ಇದ್ದದ್ದು ಒಗೆಯುವುದಕ್ಕಿಂತ ಹಿಂಡುವುದರಲ್ಲಿ, ಒಣಗಿಸುವುದರಲ್ಲಿ. ಶಿರಸಿಗೆ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊದಿಕೆ ಒಗೆದರೆ ಇಬ್ಬರು ಹೆಂಗಸರು ಎದುರುಬದುರು ನಿಂತು ತಿರುಚಿ ಹಿಂಡಬೇಕಿತ್ತು. ಆಮೇಲೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳುವಿನಲ್ಲಿ ವಾರಗಟ್ಟಲೆ ನೇತಾಡಬೇಕು. ಹೊಗೆ ವಾಸನೆಯ ಬನಿಯನ್ ಹಾಕಿಕೊಂಡು ಶಾಲೆಗೆ ಹೋದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹಿಂಡುವ ಕಷ್ಟ ನಮ್ಮದೊಂದೇ ಅಲ್ಲ. 1953ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಚಕ್ರದಿಂದ ನೀರಿನ ಸುಳಿ ಎಬ್ಬಿಸಿ ಒಗೆಯುವ ಮಷಿನ್ನು ಮಾಡಿದಾಗ, ಅದಕ್ಕೂ ಹಿಂಡಲು ಇದ್ದದ್ದು ಕೈಯಲ್ಲಿ ತಿರುಗಿಸುವ ರೋಲರ್ರೇ. ಪಕ್ಕದಲ್ಲಿ ಜೋರಾಗಿ ತಿರುಗಿ ನೀರು ಹೊರಹಾಕುವ ಎರಡನೇ ಡಬ್ಬಿ ಆಮೇಲೆ ಸೇರಿತು. ಭಾರತದಲ್ಲಿ ಈ ವ್ಯಾಪಾರ ಕುದುರಿದ್ದು 1980ರ ದಶಕದ ಕೊನೆಯಿಂದ ಈಚೆಗೆ. ವರ್ಲ್‌ಪೂಲ್ ಕಂಪನಿ ಟಿವಿಎಸ್ ಜೊತೆ ಸೇರಿ ಪಾಂಡಿಚೇರಿಯಲ್ಲಿ ಕಾರ್ಖಾನೆ ಮಾಡಿತು. ಐಎಫ್‌ಬಿಯ ಕಾರ್ಖಾನೆ ನಮ್ಮ ಪಕ್ಕದ ಗೋವಾದಲ್ಲೇ. ಹಾಗಿದ್ದೂ ಮುಂದೆ ಬಾಗಿಲಿರುವ ಆ ಜಾತಿಯ ಮಷಿನ್ನಿಗೆ ನಲ್ಲಿಯಲ್ಲಿ ಒತ್ತಡ ಬೇಕು, ಕರೆಂಟು ಸರಿಯಾಗಿರಬೇಕು. ಎರಡು ಡಬ್ಬಿಯ ಸೆಮಿ ಆಟೋಮ್ಯಾಟಿಕ್ಕಿಗೆ ಕೊಡದಲ್ಲಿ ನೀರು ಹೊಯ್ದರೂ ನಡೆಯುತ್ತದೆ. ನಮ್ಮ ಹಳ್ಳಿಮನೆಗಳ ಜಗಲಿ ಹತ್ತಿದ್ದು ಅದೇ.

ಅದು ನಮ್ಮನೆಗೆ ಬಂದದ್ದು 1990ರ ದಶಕದ ಕೊನೆಯಲ್ಲಿ, ಅಡಿಕೆಗೆ ಒಳ್ಳೇ ದರ ಬಂದ ವರ್ಷ. 2000ದ ಹೊತ್ತಿಗೆ ದರ ಬಿತ್ತು. ಹೊಸದು ತರುವ ಮಾತೇ ಇಲ್ಲ. ಮುಂದೆ ಮನೆಗೆ ಬಂದ ಮಷಿನ್ನುಗಳೆಲ್ಲ ಬೆಂಗಳೂರಲ್ಲಿ ಕೆಲಸ ಹಿಡಿದ ನಮ್ಮಂಥವರು ಮನೆ ಬದಲಿಸುವಾಗ ಬಸ್ಸಿನ ಮೇಲೆ ಹಾಕಿ ಕಳಿಸಿದ ಹಳೇವು. ರಿಪೇರಿ ಮಾಡಿಯೇ ಓಡಿಸಬೇಕು.

ಕೆಡುತ್ತಿದ್ದದ್ದಕ್ಕೆ ದೊಡ್ಡ ಕಾರಣ ಕರೆಂಟು. ಸಿದ್ದಾಪುರದ ಗಡಿಯ ಜೋಗದಲ್ಲಿ 1948ರಲ್ಲೇ ವಿದ್ಯುದಾಗಾರ ಶುರುವಾದದ್ದು. ನಮ್ಮನೆಯ ಬಲ್ಬು ಮಾತ್ರ ಸಂಜೆಯಾದರೆ ಕೆಂಡದ ಹಾಗೆ ಕೆಂಪಗೆ. ಇಂಥ ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 160 ಬಂದರೆ ಬಲ ಅರ್ಧಕ್ಕಿಂತ ಕಡಿಮೆ. ನೀರು, ಬಟ್ಟೆ ತುಂಬಿದ ಡಬ್ಬಿಯಲ್ಲಿ ಚಕ್ರ ತಿರುಗದೆ ಗುಂಯ್ ಅನ್ನುತ್ತ ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ಪೇಟೆಯ ಮೆಕ್ಯಾನಿಕ್ ಮಧ್ಯಾಹ್ನ ಬಂದು ಹಾಕಿ ನೋಡಿದರೆ ಚೆನ್ನಾಗಿ ತಿರುಗುತ್ತದೆ. ಅವನ ಬಸ್ ಚಾರ್ಜು ಕೊಟ್ಟು ಕಳಿಸುವುದು! ಆಯಿಗೆ ಕೈ ಹಿಡಿಯಲು ಬರುವುದಿಲ್ಲ ಅಂತ ಮನೆಯಲ್ಲೇ ಆಡಿಕೊಂಡದ್ದೂ ಉಂಟು. ವೋಲ್ಟೇಜು ಅಳೆದು ನೋಡಿದವರಿಲ್ಲ.

ಈ ಸಲ ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿದೆ. ಬೆಲ್ಟು ಸಡಿಲ ಆಗಿರಲಿಲ್ಲ. ವೈರನ್ನು ಇಲಿ ಕಡಿದಿರಲಿಲ್ಲ (ನಮ್ಮ ಕಡೆ ಮೊದಲು ನೋಡಬೇಕಾದದ್ದು ಅದನ್ನೇ). ಕೈಯಿಂದ ತಿರುಗಿಸಿದರೆ ಚಕ್ರ ಸಲೀಸು. ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ಹೊರಡುವುದಿಲ್ಲ. ಬೆಲ್ಟು ಕಳಚಿ, ರಾಟೆಗೆ ಒಂದು ಉದ್ದನೆ ಕಡ್ಡಿಯಿಂದ ತಳ್ಳು ಕೊಟ್ಟೆ ನೋಡಿ, ಓಡಿತು! ಅಂದರೆ ಮೋಟಾರು ಬದುಕಿದೆ, ಹೋಗಿರುವುದು ಕೆಪಾಸಿಟರ್. ಹೊರಡಲು ಬೇಕಾದ ತಳ್ಳು ಕೊಡುವುದು ಅದೇ. ನಮ್ಮದರ ಹೊಟ್ಟೆ ಉಬ್ಬಿತ್ತು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಹಾಗಾಗಿ ಬರಿಗೈಲಿ ಮುಟ್ಟಬೇಡಿ. ಅದರ ಎರಡು ತುದಿಗೆ ಬಲ್ಬೊಂದನ್ನು ತಾಗಿಸಿ ಖಾಲಿ ಮಾಡಿಕೊಳ್ಳಬೇಕು. ಬಚ್ಚಲ ಒದ್ದೆ ನೆಲದಲ್ಲಿ ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಮಷಿನ್ನು ಹಾಕುವುದಂತೂ ಬೇಡವೇ ಬೇಡ.

ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಂಡು ಶಿರಸಿಗೆ ಹೋದೆ. ಒಗೆಯುವ ಕಡೆಯದು ಸಾಮಾನ್ಯವಾಗಿ 10ರ ಆಸುಪಾಸು, ಡ್ರೈಯರಿನದು ಅದರ ಅರ್ಧ. ಕಂಪನಿ ಯಾವುದು ಅಂತ ಅಂಗಡಿಯವ ಕೇಳಲೂ ಇಲ್ಲ. ಈ ಮಷಿನ್ನುಗಳ ಚೆಂದವೇ ಅದು. ವೀಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಆದರೂ ಅದರ ಮಷಿನ್ನಿಗೆ ಹೊಂದುವ ಕೆಪಾಸಿಟರ್, ಬೆಲ್ಟು ಸಿಗುವುದು ನಿಂತಿಲ್ಲ. ಡ್ರೈಯರಿನ ಬುಡದ ರಬ್ಬರ್ ಸೀಲನ್ನೂ ತಂದೆ. ಅದು ಹರಿದರೆ ನೀರು ಸೀದಾ ಮೋಟಾರಿನ ಮೇಲೆ ಸುರಿದು, ಉಳಿದ ಅರ್ಧ ಜೀವವೂ ಹೋಗುತ್ತದೆ. ಮುಚ್ಚಳ ತೆಗೆದಾಗ ನಿಲ್ಲಿಸುವ ಬ್ರೇಕಿನ ತಂತಿಯನ್ನೂ ಬಿಗಿ ಮಾಡಿದೆ.

ಕೆಪಾಸಿಟರಿಗೆ ಕೊಟ್ಟದ್ದು ನೂರೈವತ್ತು ರೂಪಾಯಿಯೊಳಗೆ. ಅದನ್ನು ಯಾರೂ ನೋಡಲಿಲ್ಲ ಅಂತ ಆಯಿ ನಾಲ್ಕು ವರ್ಷ ಕಲ್ಲಿನ ಮೇಲೆ ಒಗೆದು, ಹಿಂಡಲು ಮಾತ್ರ ಮಷಿನ್ನಿಗೆ ಹಾಕುತ್ತಿದ್ದಳು. ಆ ನಾಲ್ಕು ವರ್ಷದಲ್ಲಿ ನಾನು ಊರಿಗೆ ಹೋದದ್ದು ಏನಿಲ್ಲವೆಂದರೂ ಹತ್ತು ಸಲ. ನನ್ನ ಬಟ್ಟೆಯನ್ನೂ ಅವಳೇ ಒಗೆದಿದ್ದಾಳೆ.

ಈಗ ಎರಡೂ ಕಡೆ ತಿರುಗುತ್ತಿದೆ. ಸ್ಟೆಬಿಲೈಸರ್ ಕೂಡ ತಂದಿಟ್ಟು ಬಂದಿದ್ದೇನೆ. ಆಯಿ ಮಾತ್ರ ಸಂಜೆ ಆರರ ಮೇಲೆ ಅದರ ಸ್ವಿಚ್ ಮುಟ್ಟುವುದಿಲ್ಲ.