ಮೆಲ್ಟೆಮಿಗೆ ಮೊದಲು: ಏಜಿಯನ್ ಕಡಲಿನ ಹಾಯಿ ಪಂಚಾಂಗದ ಚರಿತ್ರೆ

ಗ್ರೀಸ್‌ನ ದ್ವೀಪಗಳ ನಡುವೆ ಹಾಯಿದೋಣಿಯಲ್ಲಿ ಸುತ್ತಬೇಕೆನ್ನುವವರಿಗೆ ಇಂದಿನ ಕೈಪಿಡಿಗಳು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ಮೇ ನಡುಭಾಗದಿಂದ ಜೂನ್ ಕೊನೆಯೊಳಗೆ ಹೋಗಿಬನ್ನಿ. ಜುಲೈ, ಆಗಸ್ಟ್‌ನಲ್ಲಿ ಬಡಗಣದಿಂದ ಮೆಲ್ಟೆಮಿ ಗಾಳಿ ಬಲವಾಗಿ ಬೀಸತೊಡಗಿದರೆ ಸಣ್ಣ ದೋಣಿ ಬಂದರಿನಲ್ಲೇ ದಿನಗಟ್ಟಲೆ ಕೂರಬೇಕಾದೀತು ಎಂಬುದು ಅವು ಕೊಡುವ ಕಾರಣ. ಆದರೆ ಇದೇ ಕಡಲಿನ ಬಗ್ಗೆ ಉಳಿದುಬಂದಿರುವ ಅತಿ ಹಳೆಯ ಲಿಖಿತ ಸಲಹೆ ಇದಕ್ಕೆ ತದ್ವಿರುದ್ಧವಾಗಿದೆ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ತನ್ನ 'ವರ್ಕ್ಸ್ ಅಂಡ್ ಡೇಸ್' ಕಾವ್ಯದಲ್ಲಿ ಕಡಲಿಗಿಳಿಯಲು ಹೇಳುವುದು ಬೇಸಿಗೆಯ ಅಯನ ಸಂಕ್ರಾಂತಿ ಕಳೆದ ಮೇಲಿನ 50 ದಿನಗಳನ್ನು, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ. ಅಂಜೂರದ ಮರದ ತುದಿಯಲ್ಲಿ ಎಲೆ ಕಾಗೆಯ ಹೆಜ್ಜೆಯಷ್ಟು ಅಗಲವಾದಾಗ ಶುರುವಾಗುವ ವಸಂತದ ಯಾನವನ್ನೂ ಅವನು ಬಲ್ಲ, ಆದರೆ ಅದು ಅವನಿಗೆ ಹಿಡಿಸದು.

ಒಂದೇ ಕಡಲು, ಒಂದೇ ಗಾಳಿ. ಎರಡು ಎದುರುಬದುರಾದ ಸಲಹೆಗಳು. ಪ್ರಾಚೀನ ಗ್ರಂಥಗಳು, ಮುಳುಗುಹಡಗುಗಳು ಮತ್ತು ಪ್ರತಿಕೃತಿ ದೋಣಿಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಈ ಒಗಟು ಬಿಡಿಸಿಕೊಳ್ಳುತ್ತದೆ. ಏಜಿಯನ್‌ನಲ್ಲಿ ಒಳ್ಳೆಯ ಋತುವನ್ನು ಗೊತ್ತುಮಾಡಿದ್ದು ಗಾಳಿಯೊಂದೇ ಅಲ್ಲ. ಯಾರು ಯಾವ ದಿಕ್ಕಿಗೆ ಹೊರಟಿದ್ದಾರೆ, ಯಾವಾಗ ಮರಳಬೇಕು ಎಂಬುದೂ ಅಷ್ಟೇ ಮುಖ್ಯವಾಗಿತ್ತು.

ಗಾಳಿ ಬದಲಾಗಿದೆಯೇ?

ಮೊದಲು ಪರಿಹರಿಸಬೇಕಾದ ಸಂದೇಹ ಇದು. ಹೆಸಿಯಡ್‌ನ ಕಾಲದ ಗಾಳಿಯೇ ಬೇರೆಯಾಗಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಇತಿಹಾಸಕಾರ ವಿಲಿಯಂ ಮರ್ರೆ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅರಿಸ್ಟಾಟಲ್ ಮತ್ತು ಥಿಯೋಫ್ರಾಸ್ಟಸ್ ಗಾಳಿಗಳ ಬಗ್ಗೆ ಬರೆದದ್ದನ್ನು ಇಂದಿನ ಹವಾಮಾನ ದಾಖಲೆಗಳೊಂದಿಗೆ ತಾಳೆ ನೋಡಿದರು. ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ಪ್ರಾಚೀನರು 'ಎಟೀಸಿಯನ್' ಎಂದು ಕರೆದ ವಾರ್ಷಿಕ ಗಾಳಿಯೇ ಇಂದಿನ ಮೆಲ್ಟೆಮಿ. ಅದು ಸಂಕ್ರಾಂತಿಯ ನಂತರ, ಲುಬ್ಧಕ ನಕ್ಷತ್ರ ಮೂಡುವ ಹೊತ್ತಿಗೆ ಬೀಸುತ್ತದೆ, ಹಗಲು ಜೋರಾಗಿ ರಾತ್ರಿ ತಗ್ಗುತ್ತದೆ ಎಂದು ಅರಿಸ್ಟಾಟಲ್ ಬರೆದದ್ದನ್ನು ಇಂದಿನ ನಾವಿಕನೂ ಒಪ್ಪುತ್ತಾನೆ. ಕಿಯೋಸ್ ದ್ವೀಪದ ಪುರಾಣದಲ್ಲಂತೂ ಈ ಗಾಳಿ ವರವಾಗಿಯೇ ಬರುತ್ತದೆ. ಬಿಸಿಲ ಬೇಗೆಯಿಂದ ದ್ವೀಪಗಳು ಬೆಂದಾಗ ಅರಿಸ್ಟಿಯಸ್ ಜ್ಯೂಸ್‌ಗೆ ಬಲಿ ಕೊಟ್ಟನಂತೆ. 40 ದಿನ ತಂಪು ಗಾಳಿ ಬೀಸಿತಂತೆ.

ಈ ಗಾಳಿಗೂ ಕನ್ನಡನಾಡಿನ ಕರಾವಳಿಗೂ ನಿಜವಾದ ನಂಟಿದೆ. ಬಾಲ್ಕನ್ ಪ್ರದೇಶದ ಮೇಲಿನ ಅಧಿಕ ಒತ್ತಡಕ್ಕೂ ಅನಟೋಲಿಯಾದ ಮೇಲಿನ ಕಡಿಮೆ ಒತ್ತಡಕ್ಕೂ ನಡುವೆ ಮೆಲ್ಟೆಮಿ ಹುಟ್ಟುತ್ತದೆ. ಆ ಕಡಿಮೆ ಒತ್ತಡವಾದರೋ ಪಾಕಿಸ್ತಾನ, ವಾಯವ್ಯ ಭಾರತದ ಮೇಲೆ ಮುಂಗಾರನ್ನು ಎಳೆದುತರುವ ತಗ್ಗಿನ ಪಶ್ಚಿಮದ ಚಾಚು. ಕ್ರಿ.ಶ. ಮೊದಲನೆಯ ಶತಮಾನದ 'ಪೆರಿಪ್ಲಸ್' ಗ್ರಂಥದ ಲೇಖಕನಿಗೆ ಈ ಭೌತಶಾಸ್ತ್ರ ತಿಳಿದಿರಲಿಲ್ಲ. ಆದರೂ ತಮ್ಮಲ್ಲಿ ಎಟೀಸಿಯನ್ ಬೀಸುವ ಕಾಲಕ್ಕೇ ಭಾರತದ ಕಡಲಲ್ಲಿ ನೈಋತ್ಯದ ಗಾಳಿ ಏಳುತ್ತದೆ ಎಂಬುದನ್ನು ಅವನು ಗುರುತಿಸಿದ್ದ. ಜೂನ್ 1ಕ್ಕೆ ಮಂಗಳೂರು, ಮಲ್ಪೆಯ ಯಾಂತ್ರಿಕ ದೋಣಿಗಳು 61 ದಿನಗಳ ನಿಷೇಧಕ್ಕೆ ತಲೆಬಾಗಿ ದಡ ಸೇರುವಾಗ ಏಜಿಯನ್‌ನಲ್ಲಿ ವಿಹಾರದ ಹಾಯಿಗಳು ಬಿಚ್ಚಿಕೊಂಡಿರುತ್ತವೆ. ಮುಂಗಾರು ಬಲಿತಂತೆ ಅಲ್ಲಿನ ಬಡಗಣ ಗಾಳಿಯೂ ಬಲಿಯುತ್ತದೆ.

ಹಾಯಿ ಬರುವ ಮುನ್ನ

ದ್ವೀಪದಿಂದ ದ್ವೀಪಕ್ಕೆ ಹೋಗುವ ಚಪಲ ಹಾಯಿಗಿಂತ ಬಹಳ ಹಳೆಯದು. ಪೆಲೊಪೊನೀಸ್‌ನ ಆರ್ಗೊಲಿಡ್ ತೀರದ ಫ್ರಾಂಖ್ತಿ ಗುಹೆಯಲ್ಲಿ, ಕ್ರಿ.ಪೂ. 9000ಕ್ಕೂ ಹಿಂದಿನ ಪದರಗಳಲ್ಲಿ, ಮೆಲೊಸ್ ದ್ವೀಪದ ಅಬ್ಸಿಡಿಯನ್ ಸಿಕ್ಕಿದೆ. ಜ್ವಾಲಾಮುಖಿಯ ಈ ಕಪ್ಪು ಗಾಜುಗಲ್ಲು ಅಲ್ಲಿಗೆ ಬಂದಿರಬೇಕಾದರೆ ಯಾರೋ ಕಡಲು ದಾಟಿರಲೇಬೇಕು. ಹೇಗೆ ದಾಟಿರಬಹುದೆಂದು ನೋಡಲು 1988ರಲ್ಲಿ ಹ್ಯಾರಿ ತ್ಸಾಲಾಸ್ ಅವರ ತಂಡ 'ಪಾಪಿರೆಲ್ಲಾ' ಎಂಬ ಜೊಂಡಿನ ದೋಣಿ ಕಟ್ಟಿ, ಹುಟ್ಟುಹಾಕುತ್ತಾ ಲಾವ್ರಿಯೊದಿಂದ ಮೆಲೊಸ್ ಸೇರಿತು. ಹವೆಗಾಗಿ ನಡುವೆ ಕಾದ ದಿನಗಳೂ ಆ ಯಾನದ ಲೆಕ್ಕದಲ್ಲಿ ಸೇರಿವೆ.

ಸಿರೊಸ್ ದ್ವೀಪದಲ್ಲಿ ದೊರೆತ, ಕ್ರಿ.ಪೂ. ಮೂರನೆಯ ಸಹಸ್ರಮಾನದ ಮಣ್ಣಿನ ತಟ್ಟೆಗಳ ಮೇಲೆ ಕೊರೆದ ಉದ್ದ ದೋಣಿಗಳಿಗೆ ಹುಟ್ಟುಗಳ ಸಾಲಿದೆ, ಹಾಯಿ ಇಲ್ಲ. ಕ್ರಿ.ಪೂ. 2000ದ ಆಸುಪಾಸಿನ ಕ್ರೀಟ್‌ನ ಮುದ್ರೆಗಳಲ್ಲಿ ಹಾಯಿ ಕಾಣಿಸಿಕೊಳ್ಳುತ್ತದೆ. ಥೀರಾ ದ್ವೀಪದ ಅಕ್ರೊತಿರಿಯಲ್ಲಿ ಸ್ಪಿರಿಡಾನ್ ಮರಿನಾಟೊಸ್ 1967ರಲ್ಲಿ ಶುರುಮಾಡಿದ ಉತ್ಖನನದಿಂದ ಹೊರಬಂದ ಭಿತ್ತಿಚಿತ್ರದಲ್ಲಿ ಎರಡೂ ಜೊತೆಗಿವೆ. ಅಲಂಕರಿಸಿದ ಹಡಗುಗಳನ್ನು ಜನ ಬಗ್ಗಿ ಹುಟ್ಟುಹಾಕಿ ನಡೆಸುತ್ತಿದ್ದಾರೆ. ಒಂದು ಹಡಗು ಮಾತ್ರ ಹಾಯಿ ಬಿಚ್ಚಿದೆ. ಇದು ಯಾನದ ಋತುವನ್ನು ತೆರೆಯುವ ಹಬ್ಬದ ಮೆರವಣಿಗೆ ಎಂದು ಕೆಲವು ವಿದ್ವಾಂಸರು ಓದಿದ್ದಾರೆ. ದಂಡಯಾತ್ರೆಯಿಂದ ಮರಳುವ ಪಡೆ ಎಂಬ ವಾದವೂ ಇದೆ.

ಕಣದ ಗಾಳಿ, ಕಡಲ ಗಾಳಿ

ಹೆಸಿಯಡ್ ನಾವಿಕನಲ್ಲ, ಬಿಯೋಷಿಯಾದ ರೈತ. ತಾನು ಹಡಗು ಹತ್ತಿದ್ದು ಔಲಿಸ್‌ನಿಂದ ಯೂಬಿಯಾಗೆ ದಾಟಿದಾಗ ಮಾತ್ರ ಎಂದು ಅವನೇ ಹೇಳಿಕೊಂಡಿದ್ದಾನೆ. ಖಾಲ್ಕಿಸ್‌ನ ಹಾಡಿನ ಸ್ಪರ್ಧೆಯಲ್ಲಿ ಗೆದ್ದು ಮುಕ್ಕಾಲಿಯ ಬಹುಮಾನ ತಂದ ಆ ಯಾನ ಸಣ್ಣದೊಂದು ಜಲಸಂಧಿಯನ್ನು ದಾಟಿದ್ದಷ್ಟೇ. ಅವನ ಸಲಹೆಯನ್ನು ಓದಬೇಕಾದ್ದು ಬೇಸಾಯದ ಪಂಚಾಂಗದೊಳಗಿಟ್ಟು. ಅವನ ಲೆಕ್ಕದಲ್ಲಿ ಕೃತ್ತಿಕೆ ಮೂಡುವ ಮೇ ತಿಂಗಳು ಕೊಯ್ಲಿನ ಕಾಲ. ಒರೈಯನ್ ಮೊದಲು ಕಾಣಿಸಿದಾಗ ಗಾಳಿಯಾಡುವ ಕಣದಲ್ಲಿ ಒಕ್ಕಣೆ. ರೈತನಿಗೆ ಬಿಡುವು ಸಿಗುವುದೂ, ಮಾರಲು ಕೈಯಲ್ಲಿ ಕಾಳು ಇರುವುದೂ ಆಮೇಲೆಯೇ. 'ಗಾಳಿ ಬಂದಾಗ ತೂರಿಕೋ' ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ: ಕಾಳು ತೂರಲು ನೆರವಾದ ಬಡಗಣ ಗಾಳಿಯೇ ಹಡಗನ್ನೂ ಒಯ್ಯುತ್ತಿತ್ತು. ಮೇ ತಿಂಗಳಲ್ಲಿ ಕೊಯ್ಲು ಬಿಟ್ಟು ಕಡಲಿಗಿಳಿಯುವುದು ಅವನ ಕಣ್ಣಿಗೆ ದುರಾಸೆಯಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಬಡಗಣಕ್ಕೆ ಹೊರಟವರು

ವ್ಯಾಪಾರಿಯ ಲೆಕ್ಕ ಬೇರೆ. ಚೌಕ ಹಾಯಿಯ ಸರಕುಹಡಗು ಹಿಂಗಾಳಿಗೆ ಸಲೀಸಾಗಿ ಓಡುತ್ತದೆ, ಎದುರುಗಾಳಿಗೆ ತಿಣುಕುತ್ತದೆ. ರೋಡ್ಸ್‌ಗೋ ಈಜಿಪ್ಟ್‌ಗೋ ತೆಂಕಣಕ್ಕೆ ಇಳಿಯುವವರಿಗೆ ಎಟೀಸಿಯನ್ ಬಿಟ್ಟಿ ಸಾರಿಗೆ. ಕಪ್ಪು ಸಮುದ್ರದ ಗೋಧಿಗಾಗಿ ಹೆಲೆಸ್ಪಾಂಟ್ ಜಲಸಂಧಿ ದಾಟುವವರಿಗೋ ಅದು ಎದೆಗೆ ಎದುರಾಗಿ ನಿಂತ ಗೋಡೆ. ಆದ್ದರಿಂದ ಅಥೆನ್ಸ್‌ನ ಗೋಧಿ ಹಡಗುಗಳಿಗೆ ಬೇಸಿಗೆಯ ಆರಂಭದಲ್ಲಿ ಬಡಗಣಕ್ಕೆ ಏರಿ, ಬೇಸಿಗೆ ಕೊನೆಯ ಹಿಂಗಾಳಿಯಲ್ಲಿ ತುಂಬಿ ಮರಳುವುದು ಲಾಭದ ದಾರಿಯಾಗಿತ್ತು. ಹಾಗೆ ಮರಳಲು ಬಾಸ್ಫರಸ್‌ನ ಹಿಯೆರಾನ್‌ನಲ್ಲಿ ಗುಂಪುಗೂಡಿದ್ದ ಹಡಗುಗಳನ್ನೇ ಕ್ರಿ.ಪೂ. 340ರಲ್ಲಿ ಮ್ಯಾಸಿಡೋನಿಯಾದ ಫಿಲಿಪ್ ವಶಪಡಿಸಿಕೊಂಡ. ಪ್ರಾಚೀನ ಇತಿಹಾಸಕಾರ ಫಿಲೊಖೊರಸ್ ಕೊಡುವ ಸಂಖ್ಯೆ 230.

ಫಿಲಿಪ್‌ಗೆ ಗಾಳಿಯ ರಾಜಕೀಯ ಚೆನ್ನಾಗಿ ಗೊತ್ತಿತ್ತು. ಅಥೆನ್ಸ್‌ನ ಹಡಗುಪಡೆ ಬಡಗಣಕ್ಕೆ ಬರಲಾಗದ ಎಟೀಸಿಯನ್ ಕಾಲವನ್ನೋ ಚಳಿಗಾಲವನ್ನೋ ಕಾದು ಅವನು ಕೈಹಾಕುತ್ತಾನೆ ಎಂದು ವಾಗ್ಮಿ ಡೆಮಾಸ್ತನೀಸ್ ಕ್ರಿ.ಪೂ. 351ರ ಭಾಷಣದಲ್ಲಿ ಎಚ್ಚರಿಸಿದ. ಪಡೆಯನ್ನು ಲೆಮ್ನೊಸ್, ಥಾಸೊಸ್, ಸ್ಕಿಯಾಥೊಸ್ ದ್ವೀಪಗಳಲ್ಲೇ ಇರಿಸಬೇಕೆಂಬುದು ಅವನು ಸೂಚಿಸಿದ ಪರಿಹಾರ.

ಬಡಗಣಕ್ಕೆ ಏರುವವರಿಗೆ ಬೇಸಿಗೆಯ ಆರಂಭವೇ ತಕ್ಕ ಕಾಲ ಎಂಬುದನ್ನು ಇಪ್ಪತ್ತನೆಯ ಶತಮಾನದ ಪ್ರಯೋಗವೂ ಪಾಲಿಸಿತು. ಟಿಮ್ ಸೆವೆರಿನ್ ಸ್ಪೆತ್ಸೆಸ್ ದ್ವೀಪದಲ್ಲಿ ಕಟ್ಟಿಸಿದ, ಪುರಾಣದ ಹಡಗು 'ಆರ್ಗೊ'ದ 20 ಹುಟ್ಟುಗಳ ಪ್ರತಿಕೃತಿ 1984ರ ಮೇ ತಿಂಗಳಲ್ಲಿ ವೊಲೊಸ್ ಬಿಟ್ಟು, ಏಜಿಯನ್ ದಾಟಿ, ಬೇಸಿಗೆಯೊಳಗೆ ಜಾರ್ಜಿಯಾದ ತೀರ ಮುಟ್ಟಿತು.

ಮುಚ್ಚಿದ ಕಡಲಿನ ವಾದ

ರೋಮನ್ ಲೇಖಕ ವೆಜಿಟಿಯಸ್ ಕಡಲಿಗೆ ಖಚಿತ ದಿನಾಂಕಗಳನ್ನೇ ಕಟ್ಟಿಕೊಟ್ಟ: ಮೇ 27ರಿಂದ ಸೆಪ್ಟೆಂಬರ್ 14ರವರೆಗೆ ಸುರಕ್ಷಿತ, ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಮುಚ್ಚುಗಡೆ. ಈ ಪಟ್ಟಿಯನ್ನು ಬಹುಕಾಲ ಇಡೀ ಮೆಡಿಟರೇನಿಯನ್‌ನ ನಿಯಮವೆಂದು ಓದಲಾಯಿತು. ಆದರೆ ಈಜಿಪ್ಟ್‌ನ ಎಲಿಫೆಂಟೈನ್‌ನಲ್ಲಿ ಸಿಕ್ಕ, ಕ್ರಿ.ಪೂ. ಐದನೆಯ ಶತಮಾನದ ಅರಮೇಯಿಕ್ ಸುಂಕದ ಲೆಕ್ಕಪತ್ರದಲ್ಲಿ ಅಯೋನಿಯನ್ ಹಡಗುಗಳು ವರ್ಷದ ಸುಮಾರು ಹತ್ತು ತಿಂಗಳು ಬಂದುಹೋಗಿವೆ. ರೋಡ್ಸ್‌ನಿಂದ ಈಜಿಪ್ಟ್‌ಗೆ ಚಳಿಗಾಲದಲ್ಲೂ ಯಾನ ನಿಲ್ಲುವುದಿಲ್ಲ ಎಂಬ ಮಾತು ಡೆಮಾಸ್ತನೀಸ್‌ನ ಹೆಸರಿನಲ್ಲಿರುವ ಸಾಲದ ವ್ಯಾಜ್ಯವೊಂದರಲ್ಲಿ ಬರುತ್ತದೆ. ಜೇಮ್ಸ್ ಬೆರೆಸ್‌ಫೋರ್ಡ್ 2013ರ ತಮ್ಮ ಗ್ರಂಥದಲ್ಲಿ ಇಂಥ ಆಧಾರಗಳನ್ನು ಒಟ್ಟುಗೂಡಿಸಿ, ಚಳಿಗಾಲದಲ್ಲಿ ಕಡಲು ಪೂರ್ತಿ ಬಾಗಿಲು ಹಾಕುತ್ತಿತ್ತು ಎಂಬ ನಂಬಿಕೆಯನ್ನು ಪ್ರಶ್ನಿಸಿದರು. ವೆಜಿಟಿಯಸ್ ಬರೆದದ್ದು ಯುದ್ಧದ ಕೈಪಿಡಿ. ಹುಟ್ಟುಗಾರರು ಕಿಕ್ಕಿರಿದ ತಗ್ಗು ಒಡಲಿನ ಯುದ್ಧನೌಕೆಗೆ ಅಪಾಯವಾದ ಅಲೆಯನ್ನು ಸರಕುಹಡಗು ತಾಳಿಕೊಳ್ಳಬಲ್ಲದು.

ಕಾಯುವುದೂ ಯಾನವೇ

ಸರಕುಹಡಗಿನ ದಿನಚರಿ ಹೇಗಿತ್ತು ಎಂಬುದಕ್ಕೆ ಸೈಪ್ರಸ್‌ನ ಕಿರೇನಿಯಾ ಹಡಗಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕ್ರಿ.ಪೂ. ಮೂರನೆಯ ಶತಮಾನದ ಆರಂಭದಲ್ಲಿ ಮುಳುಗಿದ, ಸುಮಾರು 14 ಮೀಟರ್ ಉದ್ದದ ಈ ಹಡಗನ್ನು ಮೈಕೆಲ್ ಕಾಟ್ಜೆವ್ ಅವರ ತಂಡ 1960ರ ದಶಕದ ಕೊನೆಯಲ್ಲಿ ಮೇಲೆತ್ತಿತು. ಅದರಲ್ಲಿ 400ಕ್ಕೂ ಹೆಚ್ಚು ಮಣ್ಣಿನ ಜಾಡಿಗಳಿದ್ದವು, ಬಹುಪಾಲು ರೋಡ್ಸ್‌ನವು. ತಳದಲ್ಲಿ ಭಾರಕ್ಕೆಂದು ನಿಸಿರೊಸ್ ದ್ವೀಪದ ಬೀಸುಗಲ್ಲುಗಳು, ಜೊತೆಗೆ ಸಾವಿರಾರು ಬಾದಾಮಿ. ಉಣ್ಣುವ, ಕುಡಿಯುವ ಪಾತ್ರೆಗಳು ನಾಲ್ಕು ನಾಲ್ಕರ ಲೆಕ್ಕದಲ್ಲಿ ಸಿಕ್ಕಿದ್ದರಿಂದ ನಾಲ್ವರೇ ನಡೆಸುತ್ತಿದ್ದ ಹಡಗು ಎಂದು ತಿಳಿಯಿತು. ಬಲೆಗೆ ಕಟ್ಟುವ ಸೀಸದ ಗುಂಡುಗಳೂ ಇದ್ದವು. ದಾರಿಯಲ್ಲಿ ಮೀನು ಹಿಡಿದು ಹೊಟ್ಟೆ ಹೊರೆಯುತ್ತಿದ್ದರು. ಇದರ ಪ್ರತಿಕೃತಿ 'ಕಿರೇನಿಯಾ 2' 1985ರಲ್ಲಿ ಪಿರೇಯಸ್ ಬಳಿಯ ಪೆರಾಮಾದಲ್ಲಿ ನೀರಿಗಿಳಿದು, ಮರುವರ್ಷ ಸೈಪ್ರಸ್‌ಗೆ ಹೋಯಿತು. ಅದರ ಸರಾಸರಿ ವೇಗ ಮೂರು ನಾಟ್‌ನ ಆಸುಪಾಸು. ಆಳು ಬಿರುಸಾಗಿ ನಡೆದರೆ ಹೆಚ್ಚುಕಡಿಮೆ ಅಷ್ಟೇ ವೇಗ.

ಇಂಥ ವೇಗದಲ್ಲಿ ಗಾಳಿಗಾಗಿ ಕಾಯುವುದು ಅನಿವಾರ್ಯ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ನ ಮರಣದಂಡನೆ ತಡವಾದದ್ದು ಈ ಕಾರಣಕ್ಕೇ. ಡೆಲೊಸ್ ದ್ವೀಪಕ್ಕೆ ಹೋದ ಪವಿತ್ರ ಹಡಗು ಮರಳುವವರೆಗೆ ಅಥೆನ್ಸ್‌ನಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಎದುರುಗಾಳಿ ತಡೆದರೆ ಅದು ಬರಲು ಬಹಳ ದಿನ ಹಿಡಿಯುತ್ತದೆ ಎಂದು ಪ್ಲೇಟೊ ವಿವರಿಸುತ್ತಾನೆ. ಸಾಕ್ರಟೀಸ್ 30 ದಿನ ಸೆರೆಮನೆಯಲ್ಲಿ ಕಾದ ಎಂದು ಕ್ಸೆನೊಫನ್ ಬರೆದಿದ್ದಾನೆ. ಕೊನೆಗೆ ಹಡಗು ಸೂನಿಯನ್ ಭೂಶಿರ ಮುಟ್ಟಿದ ಸುದ್ದಿಯನ್ನು ಅಲ್ಲಿ ಇಳಿದು ಬಂದವರು ಮುಂಚಿತವಾಗಿ ಊರಿಗೆ ತಂದರು.

ತಂಗುದಾಣಗಳಲ್ಲೇ ಅಪಾಯವೂ ಇತ್ತು. ಸಾಮೊಸ್ ಮತ್ತು ಇಕಾರಿಯಾ ನಡುವಿನ ಫೂರ್ನಿ ಎಂಬ ಪುಟ್ಟ ದ್ವೀಪಸಮೂಹದಲ್ಲಿ 2015ರಿಂದ ನಡೆದ ಶೋಧನೆಯಲ್ಲಿ 58 ಮುಳುಗುಹಡಗುಗಳು ಪತ್ತೆಯಾದವು. ಫೂರ್ನಿ ದೊಡ್ಡ ಪಟ್ಟಣವೇನೂ ಆಗಿರಲಿಲ್ಲ. ಹಾದುಹೋಗುವ ಹಡಗುಗಳು ಮರೆಗೆ ನಿಲ್ಲುತ್ತಿದ್ದ ಜಾಗ. ಆಂಟಿಕಿಥೆರಾ ದ್ವೀಪದ ಕಥೆಯೂ ಇಂಥದ್ದೇ. ಸಿಮಿ ದ್ವೀಪದ ಸ್ಪಂಜು ಮುಳುಗುಗಾರರು ಈಸ್ಟರ್ ಮುಗಿಸಿ ಆಫ್ರಿಕಾದ ತೀರಕ್ಕೆ ಹೊರಟು ಶರತ್ಕಾಲಕ್ಕೆ ಮರಳುವುದು ವಾಡಿಕೆ. 1900ರಲ್ಲಿ ಬಿರುಗಾಳಿಗೆ ಆಂಟಿಕಿಥೆರಾದ ಮರೆ ಹಿಡಿದ ಅಂಥದೊಂದು ತಂಡಕ್ಕೆ ಪ್ರಾಚೀನ ಹಡಗು ಕಣ್ಣಿಗೆ ಬಿತ್ತು. ಗ್ರಹಗತಿಯನ್ನು ಲೆಕ್ಕಹಾಕುವ ಪ್ರಸಿದ್ಧ ಹಲ್ಲುಚಕ್ರಗಳ ಯಂತ್ರ ಹೊರಬಂದದ್ದು ಅದರಿಂದಲೇ.

ಶನಿವಾರದಿಂದ ಶನಿವಾರಕ್ಕೆ

ವಿಹಾರಕ್ಕಾಗಿ ಹಾಯಿ ಬಿಚ್ಚುವವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಫಿನ್ಲೆಂಡಿನ ಲೇಖಕ ಯೋರಾನ್ ಶಿಲ್ಟ್ 'ದಾಫ್ನೆ' ಎಂಬ ತಮ್ಮ ದೋಣಿಯಲ್ಲಿ ಈ ಕಡಲನ್ನು ಸುತ್ತಿ ಪುಸ್ತಕಗಳನ್ನು ಬರೆದರು, ಲೆರೊಸ್ ದ್ವೀಪದಲ್ಲಿ ಮನೆ ಮಾಡಿಕೊಂಡರು. ಬ್ರಿಟಿಷ್ ನೌಕಾಪಡೆಯ ನಿವೃತ್ತ ಅಧಿಕಾರಿ ಎಚ್. ಎಂ. ಡೆನ್‌ಹ್ಯಾಮ್ ಅವರ 'ದಿ ಏಜಿಯನ್' 1963ರಲ್ಲಿ ಬಂತು. 1970ರ ದಶಕದಲ್ಲಿ ಹತ್ತಾರು ಸಣ್ಣ ದೋಣಿಗಳನ್ನು ಮಾರ್ಗದರ್ಶಿ ದೋಣಿಯ ಹಿಂದೆ ಕರೆದೊಯ್ಯುವ ತಂಡಯಾನಗಳು ಶುರುವಾದವು. 1976ರ 438ನೇ ಕಾನೂನು ಬಾಡಿಗೆ ವಿಹಾರದೋಣಿಗಳಿಗೆ ಚೌಕಟ್ಟು ಹಾಕಿತು. ರಾಡ್ ಹೈಕೆಲ್ ಅವರ 'ಗ್ರೀಕ್ ವಾಟರ್ಸ್ ಪೈಲಟ್' 1982ರಲ್ಲಿ ಹೊರಬಂದು ಈ ಹೊಸ ನಾವಿಕರ ಕೈಪಿಡಿಯಾಯಿತು.

ಹಳೆಯ ಪಂಚಾಂಗ ತಲೆಕೆಳಗಾದದ್ದು ಇಲ್ಲೇ. ಬಾಡಿಗೆಗೆ ದೋಣಿ ಹಿಡಿದವನು ಶನಿವಾರ ಅಥೆನ್ಸ್‌ನ ಅಲಿಮೊಸ್ ಅಥವಾ ಲಾವ್ರಿಯೊ ಬಿಡುತ್ತಾನೆ. ಕಿಯಾ, ಕಿಥ್ನೊಸ್, ಸಿರೊಸ್, ಪಾರೊಸ್ ನೋಡಿ ಮುಂದಿನ ವಾರಾಂತ್ಯಕ್ಕೆ ದೋಣಿಯನ್ನು ಹೊರಟಲ್ಲಿಗೇ ತಂದೊಪ್ಪಿಸಬೇಕು. ಹೋಗುವಾಗ ನೆರವಾದ ಬಡಗಣ ಗಾಳಿ ಬರುವಾಗ ಎದುರಾಗುತ್ತದೆ. ಇಂದಿನ ಹಾಯಿದೋಣಿ ಗಾಳಿಗೆ ಸುಮಾರು 45 ಡಿಗ್ರಿ ಕೋನದಲ್ಲಿ ಓರೆಯೋರೆಯಾಗಿ ಏರಬಲ್ಲದು, ಎಂಜಿನ್ ಕೂಡ ಇದೆ. ಆದರೆ ಬೋಫರ್ಟ್ ಮಾಪನದ 7ರ ಮೆಲ್ಟೆಮಿಯಲ್ಲಿ, ಗಿಡ್ಡ ಕಡಿದಾದ ಅಲೆಗಳ ಮೇಲೆ, ರಜೆಗೆ ಬಂದ ಕುಟುಂಬಕ್ಕೆ ಅದು ಸಾಧ್ಯವಾಗುವ ಮಾತಲ್ಲ. ಪ್ರಾಚೀನ ವ್ಯಾಪಾರಿ ವಾರಗಟ್ಟಲೆ ಕಾಯಬಲ್ಲವನಾಗಿದ್ದ. ಇಂದಿನ ವಿಹಾರಿಯ ವಿಮಾನದ ಟಿಕೆಟ್ ಕಾಯುವುದಿಲ್ಲ.

ಕಿಥ್ನೊಸ್‌ನ ಕೊಲೊನಾದಲ್ಲಿ ಜೂನ್‌ನ ಒಂದು ಸಂಜೆ ಇದನ್ನೆಲ್ಲ ಕಣ್ಣಾರೆ ಕಾಣಬಹುದು. ಪುಟ್ಟ ದ್ವೀಪವೊಂದನ್ನು ಮುಖ್ಯ ದ್ವೀಪಕ್ಕೆ ಕಟ್ಟಿಹಾಕಿದಂತೆ ಮರಳಿನ ಕಿರಿದಾದ ಪಟ್ಟಿ, ಅದರ ಎರಡೂ ಬದಿಗೆ ಕೊಲ್ಲಿ. ಬಂದ ದೋಣಿಯವರು ಹವಾಮಾನ ಮುನ್ಸೂಚನೆ ನೋಡಿ, ರಾತ್ರಿ ಗಾಳಿ ಯಾವ ಕಡೆಯಿಂದ ಏಳುತ್ತದೆಂದು ಅಂದಾಜಿಸಿ, ಯಾವ ಬದಿಗೆ ಲಂಗರು ಬಿಡಬೇಕೆಂದು ನಿರ್ಧರಿಸುತ್ತಾರೆ. ಊರಿನ ಕಟ್ಟೆಗೆ ಹೋದರೆ ಬೇರೆಯೇ ಕಸರತ್ತು: ಮುಂದೆ ಲಂಗರು ಇಳಿಸಿ, ಸರಪಳಿ ಬಿಡುತ್ತಾ ಹಿಮ್ಮುಖವಾಗಿ ಬಂದು, ಹಿಂಭಾಗದ ಎರಡು ಹಗ್ಗಗಳನ್ನು ದಡದವರ ಕೈಗೆ ಎಸೆಯಬೇಕು. ಅಡ್ಡಗಾಳಿಯಿದ್ದರೆ ಪಕ್ಕದ ದೋಣಿಗೆ ಗುದ್ದುವುದು ಖಾತ್ರಿ. ಜೂನ್‌ನ ಸಾಧುಗಾಳಿಯಲ್ಲಿ ಹೊಸಬರೂ ಇದನ್ನು ಮಾಡಿಯಾರು.

ಹೀಗೆ ನೋಡಿದರೆ ಹೆಸಿಯಡ್‌ನೂ ತಪ್ಪಲ್ಲ, ಹೈಕೆಲ್ ಅವರೂ ತಪ್ಪಲ್ಲ. ರೈತನಿಗೆ ಕೊಯ್ಲು ಮುಗಿದ ಮೇಲಿನ ಸ್ಥಿರ ಗಾಳಿ ಬೇಕಿತ್ತು, ಗೋಧಿ ವ್ಯಾಪಾರಿಗೆ ಬಡಗಣಕ್ಕೆ ಏರುವ ಬಿಡುವು ಬೇಕಿತ್ತು, ಹೊರಟಲ್ಲಿಗೇ ಮರಳಬೇಕಾದ ವಿಹಾರಿಗೆ ಎರಡೂ ದಿಕ್ಕಿಗೆ ಅಡ್ಡಿ ಮಾಡದ ಗಾಳಿ ಬೇಕು. ಏಜಿಯನ್‌ನಲ್ಲಿ ಬೇಸಿಗೆಯ ಆರಂಭ ವಿಹಾರದ ಋತುವಾದದ್ದು ಪುರಾತನ ಪರಂಪರೆಯಿಂದಲ್ಲ. ಅದು ಒಂದು ವಾರದ ಬಾಡಿಗೆ ಕರಾರು ಹುಟ್ಟುಹಾಕಿದ, ಐವತ್ತು ವರ್ಷದಷ್ಟೇ ಹಳೆಯ ರೂಢಿ.