ಮರದ ಪೆಟ್ಟಿಗೆಯೊಳಗಿನ ಗಾಳಿ

ವಿಮಾನ ಕಂಡುಹಿಡಿದವರು ರೈಟ್ ಸಹೋದರರು, ಇಸವಿ 1903 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವೆಲ್ಲ. ಆ ಇಬ್ಬರಲ್ಲಿ ಕಿರಿಯರಾದ ಆರ್ವಿಲ್ ರೈಟ್ ಹತ್ತು ವರ್ಷಗಳ ಬಳಿಕ, 1913ರಲ್ಲಿ, ಅಮೆರಿಕದ 'ಫ್ಲೈಯಿಂಗ್' ಪತ್ರಿಕೆಗೆ ಆ ದಿನದ ಕಥೆಯನ್ನು ಬರೆದುಕೊಟ್ಟರು. ಅದರ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಸಾವಿರಾರು ಹಾರಾಟಗಳ ಅನುಭವ ಬೆನ್ನಿಗಿದ್ದರೂ, ಗಂಟೆಗೆ 27 ಮೈಲಿ ವೇಗದ ಗಾಳಿಯಲ್ಲಿ ಪರಿಚಯವಿಲ್ಲದ ಯಂತ್ರವನ್ನೇರಲು ತಾವು ಈಗ ಹಿಂಜರಿದೇವು. ಅಂದಿನ ಎದೆಗಾರಿಕೆಗೆ ತಮಗೇ ಬೆರಗಾಗುತ್ತದೆ ಎನ್ನುತ್ತಾರೆ ಅವರು. ಹಾಗಾದರೆ ಅಂದು ಏರಿದ್ದು ಯಾವ ಧೈರ್ಯದಿಂದ? ತಮ್ಮ ಲೆಕ್ಕದ ಮೇಲಿನ ನಂಬಿಕೆಯಿಂದ, ಮೂರು ವರ್ಷ ಗ್ಲೈಡರಿನಲ್ಲಿ ಕಲಿತ ಸಮತೋಲನದಿಂದ. ಇದು ಅವರ ಉತ್ತರ.

ಈ ಲೆಕ್ಕದ ಕಥೆಯೇ ನನಗೆ ಹಾರಾಟದ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ. ಒಹಾಯೋದ ಡೇಟನ್ ಪಟ್ಟಣದಲ್ಲಿ ಸೈಕಲ್ ತಯಾರಿಸಿ, ರಿಪೇರಿ ಮಾಡಿ ಬದುಕುತ್ತಿದ್ದ ವಿಲ್ಬರ್ ಮತ್ತು ಆರ್ವಿಲ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಜರ್ಮನಿಯ ಆಟೊ ಲಿಲಿಯೆಂತಾಲ್ ಬಿಟ್ಟುಹೋದ ಕೋಷ್ಟಕವನ್ನು ನಂಬಿ 1900 ಮತ್ತು 1901ರಲ್ಲಿ ಗ್ಲೈಡರ್ ಕಟ್ಟಿದರು. ಲಿಲಿಯೆಂತಾಲ್ ಗುಡ್ಡದಿಂದ ಎಷ್ಟೋ ಬಾರಿ ಗಾಳಿಯಲ್ಲಿ ತೇಲಿ, 1896ರಲ್ಲಿ ಬಿದ್ದು ತೀರಿಕೊಂಡವರು. ಅಂಥವರ ಅಂಕೆಗಳನ್ನು ಸಂಶಯಿಸುವುದು ಸುಲಭವಲ್ಲ. ಆದರೆ ಗ್ಲೈಡರ್ ಲೆಕ್ಕ ಹೇಳಿದಷ್ಟು ಭಾರ ಎತ್ತಲಿಲ್ಲ. ಮನುಷ್ಯ ಇನ್ನು ಐವತ್ತು ವರ್ಷ ಹಾರಲಾರ ಎಂದು 1901ರಲ್ಲಿ ತಮ್ಮನಿಗೆ ಹೇಳಿದ್ದಾಗಿ ವಿಲ್ಬರ್ ಮುಂದೆ ಸಭೆಯೊಂದರಲ್ಲಿ ಒಪ್ಪಿಕೊಂಡರು.

ಆ ವರ್ಷದ ಕೊನೆಗೆ ಅವರು ಸೈಕಲ್ ಅಂಗಡಿಯಲ್ಲಿ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಯಿಂದ ಫ್ಯಾನಿನ ಗಾಳಿ ಹಾಯಿಸಿದರು. ಒಳಗೆ ಗರಗಸದ ಅಲಗು, ಸೈಕಲ್ ಸ್ಪೋಕಿನ ತಂತಿ ಸೇರಿಸಿ ಕಟ್ಟಿದ ತಕ್ಕಡಿ. ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಇಟ್ಟು ನೋಡಿ, ತಮ್ಮದೇ ಕೋಷ್ಟಕ ಬರೆದುಕೊಂಡರು. ದೋಷ ಹೆಚ್ಚಾಗಿ ಇದ್ದದ್ದು ಲಿಲಿಯೆಂತಾಲರ ಕೋಷ್ಟಕದಲ್ಲಲ್ಲ. 18ನೇ ಶತಮಾನದಿಂದ ಬಹುಮಂದಿ ಹಾಗೆಯೇ ಬಳಸುತ್ತ ಬಂದಿದ್ದ ಗಾಳಿಯೊತ್ತಡದ ಒಂದು ಅಂಕೆಯಲ್ಲಿ. 0.005 ಎಂದಿದ್ದುದು ನಿಜಕ್ಕೂ ಸುಮಾರು 0.0033. ಹೊಸ ಲೆಕ್ಕದಂತೆ ಕಟ್ಟಿದ 1902ರ ಗ್ಲೈಡರ್ ಚೆನ್ನಾಗಿ ತೇಲಿತು.

ಪ್ರೊಪೆಲ್ಲರಿನದು ಇನ್ನೊಂದು ತೊಡಕು. ಹಡಗಿನವರ ವಿದ್ಯೆಯಿಂದ ಸಿದ್ಧ ಸೂತ್ರ ಸಿಕ್ಕೀತೆಂದಿದ್ದರು; ಸಿಗಲಿಲ್ಲ. ಕೊನೆಗೆ ಅದನ್ನು ತಿರುಗುವ ರೆಕ್ಕೆ ಎಂದೇ ಬಗೆದು ಲೆಕ್ಕ ಹಾಕಿದರು. ಅಣ್ಣತಮ್ಮಂದಿರು ಗಂಟೆಗಟ್ಟಲೆ ವಾದಿಸಿ ನೋಡಿದರೆ, ಒಮ್ಮತ ಬಂದಿರುತ್ತಿರಲಿಲ್ಲ. ಅಣ್ಣ ತಮ್ಮನ ಪಕ್ಷಕ್ಕೂ ತಮ್ಮ ಅಣ್ಣನ ಪಕ್ಷಕ್ಕೂ ಸೇರಿರುತ್ತಿದ್ದರಂತೆ. ಇಂಥ ಜಗಳಕ್ಕೂ ಯೋಗ ಬೇಕು!

ಎಂಜಿನನ್ನು ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿಕೊಟ್ಟರು, 12 ಅಶ್ವಶಕ್ತಿ. 1903ರ ಡಿಸೆಂಬರ್ 17ರಂದು ಉತ್ತರ ಕೆರೊಲಿನಾದ ಕಡಲತೀರದ ಮರಳಿನಲ್ಲಿ ಆರ್ವಿಲ್ ಮೊದಲು ಹಾರಿದ್ದು 12 ಸೆಕೆಂಡು, 120 ಅಡಿ. ಒಂಬತ್ತು ಅಡಿ ಅಂತರಕ್ಕೆ ನೆಟ್ಟ ನಮ್ಮ ಅಡಿಕೆ ತೋಟದಲ್ಲಾದರೆ ಹದಿಮೂರು ಸಾಲು. ನಾಲ್ಕನೆಯ ಸಲ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹೋದರು. ಆಮೇಲೆ ನಿಂತಿದ್ದ ಯಂತ್ರವನ್ನು ಬಿರುಗಾಳಿ ಎತ್ತಿ ಮಗುಚಿತು. ಅದು ಮತ್ತೆ ಹಾರಲಿಲ್ಲ.

ಮರುವರ್ಷ ಹೊಸ ಯಂತ್ರದೊಂದಿಗೆ ಡೇಟನ್ನಿನ ಹತ್ತಿರದ ಹುಲ್ಲುಗಾವಲಿನಲ್ಲೇ ಅಭ್ಯಾಸ ಶುರುವಾಯಿತು. ಟ್ರಾಮಿನಲ್ಲಿ ಹೋಗುವವರಿಗೂ ಕಾಣುವ ಜಾಗ. ಆದರೂ ದೊಡ್ಡ ಪತ್ರಿಕೆಗಳು ಬರಲಿಲ್ಲ. 1904ರ ಸೆಪ್ಟೆಂಬರ್ 20ರಂದು ವಿಲ್ಬರ್ ಮೊದಲ ಬಾರಿಗೆ ಪೂರ್ತಿ ಸುತ್ತು ಹಾಕಿ ಹೊರಟಲ್ಲಿಗೇ ಮರಳಿದಾಗ ಅಲ್ಲಿ ನಿಂತು ನೋಡಿದವರು ಎ. ಐ. ರೂಟ್ ಎಂಬ ಜೇನುಸಾಕಣೆಯ ಸಾಮಾನು ತಯಾರಿಸುವ ಹಿರಿಯರು. ಕಂಡದ್ದನ್ನು ಕಂಡಂತೆ ಬರೆದು 1905ರ ಜನವರಿಯಲ್ಲಿ ತಮ್ಮ 'ಗ್ಲೀನಿಂಗ್ಸ್ ಇನ್ ಬೀ ಕಲ್ಚರ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಓದುಗರು ಜೇನು ಸಾಕುವವರು. ಅದಾಗಿ ಒಂದು ವರ್ಷ ಕಳೆದ ಮೇಲೂ, 1906ರ ಜನವರಿಯಲ್ಲಿ, 'ಸೈಂಟಿಫಿಕ್ ಅಮೆರಿಕನ್' ರೈಟ್ ಸಹೋದರರು ಹಾರಿದ್ದು ನಿಜವೇ ಎಂದು ಸಂಶಯಪಡುತ್ತಿತ್ತು.