ಅಕ್ಕನ ನೀಲಿ ಪುಸ್ತಕ ಮತ್ತು ಜಪಾನಿನ ಪೆನ್ಶನ್

ದೊಡ್ಡಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಟೋಕಿಯೋದ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಗಣಿತ ಪಾಠ ಮಾಡಿ 2023ರ ಮಾರ್ಚ್ ಕೊನೆಗೆ ಊರಿಗೆ ವಾಪಸು ಬಂದಳು. ಬರುವಾಗ ಚಾಕೊಲೇಟಿನ ಜೊತೆ ಒಂದು ನೀಲಿ ಬಣ್ಣದ ಪುಟ್ಟ ಪುಸ್ತಕವೂ ಬಂತು. ಅಲ್ಲಿನ ಪೆನ್ಶನ್ ಪುಸ್ತಕ. ಅದು ಬಂಟ್ವಾಳದ ಮನೆಯ ಕಪಾಟಿನಲ್ಲಿ, ಅಜ್ಜನ ಹಳೆಯ ಪೆನ್ಶನ್ ಕಾಗದಗಳ ಪಕ್ಕದಲ್ಲೇ ಕೂತಿತು. ಜಪಾನ್ ಬಿಟ್ಟ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಕಟ್ಟಿದ ದುಡ್ಡು ವಾಪಸು ಸಿಗುತ್ತದೆ. ಅಕ್ಕನಿಗೆ ಇದು ಗೊತ್ತಿತ್ತು. ಆದ್ರೆ ಉದಾಸೀನ ನೋಡಿ, ನನಗೆ ಫೋನ್ ಬಂದದ್ದು 2024ರ ದೀಪಾವಳಿ ಕಳೆದ ಮೇಲೆ. "ನೀನು ಇಂಜಿನಿಯರ್ ಅಲ್ವಾ, ಲೆಕ್ಕ ಹಾಕಿ ಹೇಳು ಮಾರಾಯ" ಅಂದಳು.

ಎಕ್ಸೆಲ್ ತೆರೆದು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ, ಇತಿಹಾಸದೊಳಗೆ ಹೋಗಿ ಬಿದ್ದೆ.

ಕೆಲಸ ಬಿಟ್ಟವರಿಗೆ ಪೆನ್ಶನ್ ವಂತಿಗೆ ವಾಪಸು ಕೊಡುವ ಪದ್ಧತಿ ಪೆನ್ಶನ್ನಿನಷ್ಟೇ ಹಳೆಯದು. ನಮ್ಮದೇ ತಾಲೂಕಿನ ಪುಣಚದವರಾದ ಪ್ರೊ. ಬಿ.ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದ್ದು ನಿಮಗೆಲ್ಲ ಗೊತ್ತು. ಅದೇ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ಕಾರ್ಮಿಕರ ಪೆನ್ಶನ್ ಕಾನೂನು ಬಂತು. ಮದುವೆಯಾಗುವ ಹೆಂಗಸು ತಾನು ಕಟ್ಟಿದ ಪಾಲನ್ನು ವಾಪಸು ಪಡೆಯಬಹುದು ಅಂತ ಅದರಲ್ಲೇ ಇತ್ತು. ಮದುವೆಯಾದ ಮೇಲೆ ಅವಳು ದುಡಿಯುವುದಿಲ್ಲ ಎಂಬ ಲೆಕ್ಕಾಚಾರ. ಜಪಾನಿನಲ್ಲೂ ಕೆಲಸ ಬಿಟ್ಟು ಮದುವೆಯಾದ ಹೆಂಗಸರು ಇಂಥದ್ದೇ ಇಡಿಗಂಟು ತೆಗೆದುಕೊಳ್ಳುತ್ತಿದ್ದರು. 1985ರ ತಿದ್ದುಪಡಿಯಲ್ಲಿ ಆ ಪದ್ಧತಿ ಹೋಯ್ತು. ಆದರೆ ಗಂಟು ತೆಗೆದುಕೊಂಡವರಿಗೆ ಮುಪ್ಪಿನಲ್ಲಿ ಆ ವರ್ಷಗಳ ಪೆನ್ಶನ್ ಸಿಗಲಿಲ್ಲ.

ಅಂದ್ರೆ ಈ 'ವಾಪಸು' ಅನ್ನುವುದು ಉದಾರತೆಯೇನಲ್ಲ. ಯಾರು ನಮ್ಮಲ್ಲಿ ಮುದುಕರಾಗುವುದಿಲ್ಲ ಅಂತ ಸರಕಾರಕ್ಕೆ ಅನ್ನಿಸುತ್ತದೋ ಅವರ ಲೆಕ್ಕ ಚುಕ್ತಾ ಮಾಡುವುದು. ಹೆಂಗಸರಾದ ಮೇಲೆ ಸರದಿ ವಿದೇಶಿಯರದ್ದು. ಜಪಾನಿನ 1959ರ ರಾಷ್ಟ್ರೀಯ ಪೆನ್ಶನ್ ಕಾಯಿದೆಯಲ್ಲಿ ಪೌರತ್ವದ ಷರತ್ತಿತ್ತು, ಅದು 1982ರಲ್ಲಿ ಹೋಯ್ತು. 1987ರಲ್ಲಿ ಜೆಟ್ ಯೋಜನೆ ಶುರುವಾಗಿ ವಿದೇಶಿ ತರುಣ ತರುಣಿಯರು ಅಲ್ಲಿನ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಹೋದರು. ಇಂಥವರು ಒಂದೆರಡು ವರ್ಷ ಇದ್ದು ಹೊರಡುವವರು. ಪೆನ್ಶನ್ ಸಿಗಬೇಕಾದರೆ ಕಟ್ಟಬೇಕಾದ್ದು 25 ವರ್ಷ! ಕೊನೆಗೆ 1994ರಲ್ಲಿ ಕಾಯಿದೆ ತಿದ್ದಿ, ಆರು ತಿಂಗಳಾದರೂ ಕಟ್ಟಿ ದೇಶ ಬಿಟ್ಟವರಿಗೆ ಇಡಿಗಂಟು ಕೊಡುವ ವ್ಯವಸ್ಥೆ ಮಾಡಿದರು. ಹೆಸರು 'ದತ್ತಾಯ್ ಇಚಿಜಿಕಿನ್'. (ದತ್ತಾತ್ರೇಯನಿಗೂ ಇದಕ್ಕೂ ಸಂಬಂಧವಿಲ್ಲ :-) ) ಎಷ್ಟು ವರ್ಷ ದುಡಿದರೂ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 36 ತಿಂಗಳು ಮಾತ್ರ. 2021ರ ಏಪ್ರಿಲಿನಲ್ಲಿ ಅದನ್ನು 60 ತಿಂಗಳಿಗೆ ಏರಿಸಿದರು.

25 ವರ್ಷದ ನಿಯಮವಿದ್ದಾಗ ಯೋಚನೆ ಮಾಡಲು ಏನೂ ಇರಲಿಲ್ಲ, ಸಿಕ್ಕಿದ್ದನ್ನು ತೆಗೆದುಕೊಂಡು ಬರಬೇಕಿತ್ತು. ಆದರೆ ಬೆನ್ನುಬೆನ್ನಿಗೆ ಎರಡು ಬದಲಾವಣೆಗಳಾದವು. ಭಾರತ ಮತ್ತು ಜಪಾನ್ 2012ರಲ್ಲಿ ಸಹಿ ಮಾಡಿದ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ಕ್ಕೆ ಜಾರಿಗೆ ಬಂತು. 2017ರ ಆಗಸ್ಟಿನಿಂದ ಜಪಾನ್ 25 ವರ್ಷವನ್ನು 10ಕ್ಕೆ ಇಳಿಸಿತು. ಒಪ್ಪಂದದ ಪ್ರಕಾರ ಆ ಹತ್ತನ್ನು ಎರಡೂ ದೇಶದ ವರ್ಷಗಳನ್ನು ಕೂಡಿಸಿ ತುಂಬಿಸಬಹುದು. ಇಡಿಗಂಟು ತೆಗೆದುಕೊಂಡರೆ ಮಾತ್ರ ಅಲ್ಲಿನ ವರ್ಷಗಳು ಅಳಿಸಿಹೋಗುತ್ತವೆ.

ಅಕ್ಕ ಜಪಾನಿಗೆ ಹೋಗುವ ಮೊದಲು ಮೂಡುಬಿದಿರೆಯಲ್ಲಿ ಮೂರು ವರ್ಷ ಪಾಠ ಮಾಡಿದ್ದಳು. ಸಂಬಳ 15,000ದ ಒಳಗಿದ್ದದ್ದರಿಂದ 1995ರ ನೌಕರರ ಪಿಂಚಣಿ ಯೋಜನೆಗೂ ಸೇರಿದ್ದಳು. ನಮ್ಮಲ್ಲೂ ಹತ್ತು ವರ್ಷ ತುಂಬದವರು ಫಾರಂ 10ಸಿ ಹಾಕಿ ದುಡ್ಡು ತೆಗೆಯಬಹುದು, ನನ್ನ ಆಫೀಸಿನಲ್ಲಿ ಕಂಪೆನಿ ಬದಲಿಸುವವರಲ್ಲಿ ಅದನ್ನೇ ಮಾಡಿದವರು ಬೇಕಾದಷ್ಟಿದ್ದಾರೆ. ಅಕ್ಕ ಮಾಡಿರಲಿಲ್ಲ. ಮತ್ತದೇ ಉದಾಸೀನ, ಈ ಸಲ ಲಾಭಕ್ಕೆ ಬಂತು. 2023ರ ಜೂನಿನಲ್ಲಿ ಬೆಳ್ತಂಗಡಿ ಕಡೆ ಮತ್ತೆ ಕೆಲಸಕ್ಕೆ ಸೇರಿ ಹಳೆಯ ಖಾತೆಯನ್ನೇ ಮುಂದುವರಿಸಿದಳು. ಮೂರು, ನಾಲ್ಕು, ಇನ್ನು ಮೂರು.

ಈಗ ಲೆಕ್ಕ. ಸಂಬಳ ತಿಂಗಳಿಗೆ 3 ಲಕ್ಷ ಯೆನ್ ಅಂತಿಟ್ಟುಕೊಳ್ಳಿ. 48 ತಿಂಗಳಿಗೆ ಗುಣಕ 4.4, ಅಂದರೆ ಇಡಿಗಂಟು 13,20,000 ಯೆನ್. ಅದರಲ್ಲಿ 20.42 ಶೇಕಡಾ ತೆರಿಗೆ ಮುರಿದು ಕೈಗೆ 10,50,456. (ಜಪಾನಿನಲ್ಲಿ ತೆರಿಗೆ ಪ್ರತಿನಿಧಿಯೊಬ್ಬರನ್ನು ನೇಮಿಸಿಕೊಂಡು ಆ ತೆರಿಗೆಯನ್ನೂ ವಾಪಸು ಕೇಳಬಹುದು.) ಗಮನಿಸಿ, ಇದು ಅಕ್ಕನ ಸಂಬಳದಿಂದ ಮುರಿದಷ್ಟೇ. ಶಾಲೆ ಕಟ್ಟಿದ ಸಮಪಾಲು ಅಲ್ಲೇ ಉಳಿಯುತ್ತದೆ. ಬಿಟ್ಟುಬಿಟ್ಟರೆ? 65 ತುಂಬಿದ ಮೇಲೆ ಆಗಿನ ದರದಲ್ಲಿ ವರ್ಷಕ್ಕೆ ಸುಮಾರು 1,60,000 ಯೆನ್, ಬದುಕಿರುವಷ್ಟು ಕಾಲ. ಎಂಟು ವರ್ಷ ಪಡೆದರೆ ಇಡಿಗಂಟಿನಷ್ಟಾಯ್ತು. ಆದರೆ ಅಕ್ಕನಿಗೆ ಆಗ 33.

ಇದೇ ಜಗಳ ತಿರುಗುಮುರುಗಾಗಿ ಬೆಂಗಳೂರಿನಲ್ಲೂ ನಡೆದಿದೆ. 2008ರ ಅಕ್ಟೋಬರಿನಿಂದ ಭಾರತದಲ್ಲಿ ದುಡಿಯುವ ವಿದೇಶಿಯರ ಪೂರ್ತಿ ಸಂಬಳದ ಮೇಲೆ ಪಿಎಫ್ ಮುರಿಯುವ ನಿಯಮ ಬಂತು. ಒಪ್ಪಂದವಿಲ್ಲದ ದೇಶದವರು ಅದನ್ನು ತೆಗೆಯಲು 58 ವರ್ಷದವರೆಗೆ ಕಾಯಬೇಕು. ಅಮೆರಿಕದಲ್ಲಿ ಎಚ್1ಬಿ ವೀಸಾದಲ್ಲಿ ದುಡಿದವರು ಸೋಶಿಯಲ್ ಸೆಕ್ಯುರಿಟಿಗೆ 6.2 ಶೇಕಡಾ ಕಟ್ಟಿ, ಹತ್ತು ವರ್ಷ ತುಂಬದೆ ಬರಿಗೈಯಲ್ಲಿ ಬರುತ್ತಾರಲ್ಲ, ಅದಕ್ಕೆ ಉತ್ತರ ಅನ್ನುವ ಹಾಗಿತ್ತು. ಸ್ಟೋನ್‌ಹಿಲ್ ಅಂತಾರಾಷ್ಟ್ರೀಯ ಶಾಲೆಯನ್ನು ನಡೆಸುವ ಸಂಸ್ಥೆ ಕೋರ್ಟಿಗೆ ಹೋಯ್ತು. 2024ರ ಏಪ್ರಿಲ್ 25ರಂದು ಕರ್ನಾಟಕ ಹೈಕೋರ್ಟ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದಿತು. 2025ರಲ್ಲಿ ದೆಹಲಿ ಹೈಕೋರ್ಟ್ ಬೇರೆ ಪ್ರಕರಣದಲ್ಲಿ ಅದೇ ನಿಯಮವನ್ನು ಎತ್ತಿಹಿಡಿಯಿತು. ನನಗಂತೂ ಆ ವಿದೇಶಿ ಟೀಚರುಗಳ ಸಿಟ್ಟು ಅರ್ಥವಾಗುತ್ತದೆ. ದೇಶದೇಶಗಳ ಚೌಕಾಶಿಯಲ್ಲಿ ಪಗಡೆಕಾಯಿ ಆಗುವುದು ಪಾಪ, ಪಾಠ ಮಾಡಲು ಬಂದವರು.

ಜನವರಿಯಲ್ಲಿ ಊರಿಗೆ ಹೋದಾಗ ಎಕ್ಸೆಲ್ ತೋರಿಸಿದೆ. ಭಾವ ಮೊದಲ ಸಾಲು ನೋಡಿದವರೇ "ತೆಗೆಯುವ, ಮನೆ ಸಾಲ ಸ್ವಲ್ಪ ಇಳೀತದೆ" ಅಂದರು. ತಪ್ಪೇನಿಲ್ಲ, ಬಡ್ಡಿ ಕಟ್ಟುವವರಿಗೆ ಗೊತ್ತು ಅದರ ಬಿಸಿ. ದೊಡ್ಡಮ್ಮನೂ ಅದೇ ಪಕ್ಷ. ಅಡಿಕೆ ಸುಲಿಯುತ್ತಾ ಕೂತಿದ್ದ ಅಜ್ಜಿ ಮಾತ್ರ ತಲೆ ಎತ್ತಲಿಲ್ಲ. ಅಜ್ಜ ಮಾಸ್ಟ್ರಾಗಿದ್ದವರು, ಅವರು ಹೋದ ಮೇಲೆ ಬರುವ ಕುಟುಂಬ ಪಿಂಚಣಿಯೇ ಅಜ್ಜಿಯ ಕೈಖರ್ಚು. "ಒಟ್ಟಿಗೆ ಬಂದ ದುಡ್ಡಿಗೆ ಮನೆಯವರೆಲ್ಲ ಯಜಮಾನರು. ತಿಂಗಳಿಗೆ ಬರುವುದಾದ್ರೆ ನಿನ್ನ ಹತ್ರ ಯಾರೂ ಕೇಳುದಿಲ್ಲ ಮಗಾ" ಅಂದರು ಅಕ್ಕನಿಗೆ.

2025ರ ಮಾರ್ಚ್ ಕಳೆಯಿತು. ಅಕ್ಕ ಅರ್ಜಿ ಕಳಿಸಲಿಲ್ಲ. ಈ ಸಲ ಉದಾಸೀನದಿಂದ ಅಲ್ಲ ಅಂತ ಅವಳೇ ಹೇಳಿದಳು. ಭಾವ ಈಗಲೂ ಸಾಲದ ಕಂತಿನ ದಿನ ನನ್ನ ಎಕ್ಸೆಲ್ಲನ್ನು ಬೈಯುತ್ತಾರಂತೆ. ನೀಲಿ ಪುಸ್ತಕ ಕಪಾಟಿನಲ್ಲೇ ಇದೆ, ಗೆದ್ದಲು ಹಿಡಿಯದ ಹಾಗೆ ಅಜ್ಜಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಗಂಟು ಹಾಕಿಟ್ಟಿದ್ದಾರೆ.